ಇಪ್ಪತ್ತೈದು ನಿಮಿಷ ಪೆನ್ನು ತೆಗೆಯದ ಹುಡುಗಿ

ಶಹಾಪುರ
೯ ಜೂನ್ ೨೦೨೫, ಸೋಮವಾರ

ಮಗಳೇ ಪರಿಮಳಾ,

ಜೈಭೀಮ್. ನಾನೂ ನಿಮ್ಮವ್ವನೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿದ್ದರೂ ನಿಮ್ಮವ್ವ ಫೋನಿನಲ್ಲಿ ನಿನಗೆ ಅದನ್ನೇ ಹೇಳುವವಳು, ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತು ನಂಬು. ಪತ್ರ ಬರೆಯುತ್ತೇನೆಂದು ಯುಗಾದಿಗೆ ಹೇಳಿದವನು ಮಿರಗದ ಮಳೆಗೆ ಬರೆಯುತ್ತಿದ್ದೇನೆ, ತಪ್ಪು ನನ್ನದೇ. ಇದನ್ನೆಲ್ಲ ಫೋನಿನಲ್ಲಿ ಯಾಕೆ ಹೇಳಬಾರದು ಅನ್ನಬೇಡ. ಫೋನಿನಲ್ಲಿ ನಾನು ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತೇನೆ. ನೀನು ಹುಮನಾಬಾದಿನ ಆಸ್ಪತ್ರೆಯ ಲ್ಯಾಬಿನಲ್ಲಿ ಯಾರದೋ ರಕ್ತ ಪರೀಕ್ಷೆ ಮಾಡುತ್ತ ‘ಹ್ಞೂಂ ಅಪ್ಪ, ಹ್ಞೂಂ ಅಪ್ಪ’ ಅನ್ನುತ್ತೀ. ಆ ಹ್ಞೂಂಗಳಲ್ಲಿ ಎಷ್ಟು ನನಗೆ, ಎಷ್ಟು ಪಕ್ಕದಲ್ಲಿ ನಿಂತ ರೋಗಿಗೆ ಎಂದು ತಿಳಿಯುವುದಿಲ್ಲ.

ನಿನ್ನೆ ಮೃಗಶಿರಾ ಮಳೆ ಕೂಡಿ ಮಿರಗ ಶುರುವಾಯಿತು. ಮಿರಗದ ದಿನ ಮೀನು ತಿನ್ನಲೇಬೇಕೆಂದು ನಿಮ್ಮವ್ವ ಹಟ ಹಿಡಿದು ಬಜಾರಿಗೆ ಕಳಿಸಿದಳು. ನಾನು ಪ್ರತಿ ಮೀನಿನ ಕಿವಿರು ಎತ್ತಿ, ಕಣ್ಣು ಒತ್ತಿ ನೋಡುತ್ತಿದ್ದರೆ ಮಾರುವ ದಾವಲಬೀ ‘ಮಾಸ್ತರೇ, ಮೀನ ತಗೋಳಾಕ ಬಂದೀರೋ, ಪಂಚನಾಮಿ ಮಾಡಾಕ ಬಂದೀರೋ?’ ಅಂದಳು. ಸುತ್ತಲಿನವರೆಲ್ಲ ನಕ್ಕರು. ನಗಲಿ, ಬೆಳ್ಳಗಿರುವುದೆಲ್ಲ ಹಾಲಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬುದ್ಧವಿಹಾರದ ಹಿಂದಿನ ವಾಚನಾಲಯದಲ್ಲಿ ನಾನು ಭಾನುವಾರದ ಕ್ಲಾಸು ನಡೆಸುವುದು ನಿನಗೆ ಗೊತ್ತು. ಈ ಸಲ ಏಳು ಜನ ಡಿಗ್ರಿ ಮುಗಿಸಿದವರು ಇದ್ದಾರೆ. ದೂರದ ಒಂದು ವಿಶ್ವವಿದ್ಯಾಲಯದವರು ಕನ್ನಡ ಎಂ.ಎ.ಗೆ ಪರೀಕ್ಷೆ ಇಟ್ಟಿದ್ದಾರೆ. ಆಯ್ಕೆಯಾದರೆ ಓದು, ವಸತಿ, ಊಟ ಎಲ್ಲ ಅವರದೇ. ನಮ್ಮ ಕಡೆಯ ಏಳು ಜಿಲ್ಲೆ ಸೇರಿ ಸೀಟು ನಾಲ್ಕೇ. ಪರೀಕ್ಷೆ ಇದೇ ಇಪ್ಪತ್ತೊಂಬತ್ತಕ್ಕೆ, ಕಲಬುರಗಿಯಲ್ಲಿ. ಪ್ರಶ್ನೆಯೂ ಒಂದೇ: ಹಿಂದೆಂದೂ ಓದಿರದ ಒಂದು ಸಣ್ಣಕಥೆ ಕೊಡುತ್ತಾರೆ, ಒಂದು ಗಂಟೆಯೊಳಗೆ ಓದಿ ಅದರ ಮೇಲೆ ವಿಮರ್ಶೆ ಬರೆಯಬೇಕು.

ನಾನು ಮೇಜಿನ ಮೇಲೆ ಅಲಾರಾಂ ಗಡಿಯಾರ ಇಟ್ಟು ತಾಲೀಮು ಮಾಡಿಸುತ್ತೇನೆ. ಹತ್ತು ನಿಮಿಷ ಓದು, ಐದು ನಿಮಿಷ ಟಿಪ್ಪಣಿ, ಹದಿನೈದನೆಯ ನಿಮಿಷಕ್ಕೆ ಎಲ್ಲರ ಪೆನ್ನೂ ಓಡಬೇಕು, ಐವತ್ತೈದಕ್ಕೆ ನಿಲ್ಲಬೇಕು. ಫೋನುಗಳೆಲ್ಲ ನಿಮ್ಮವ್ವನ ಚುರುಮುರಿ ಡಬ್ಬಿಯೊಳಗೆ. ‘ಕಥೆಯನ್ನು ಮತ್ತೆ ಹೇಳಬೇಡಿ, ಓದಿದವನಿಗೆ ಅದು ಗೊತ್ತಿದೆ. ಕಥೆ ಹೀಗೇಕಿದೆ ಎಂದು ಹೇಳಿ, ಅದಕ್ಕೆ ಕಥೆಯೊಳಗಿನ ಸಾಲನ್ನೇ ಸಾಕ್ಷಿ ಕೊಡಿ’ ಎಂದು ಬಡಿದುಕೊಳ್ಳುತ್ತೇನೆ. ಆದರೂ ನಿಂಗರಾಜ ಎಂಬ ಹುಡುಗ ಪ್ರತಿ ಸಲ ‘ಒಂದೂರಿನಲ್ಲಿ’ ಎಂದೇ ಶುರು ಮಾಡುತ್ತಾನೆ.

ಯಾವ ಕಥೆ ಕೊಟ್ಟರೂ ಅದರ ವಿಮರ್ಶೆ ಗೈಡಿನಲ್ಲೋ ಫೋನಿನಲ್ಲೋ ಸಿಗುತ್ತದೆ. ಲೋಕದಲ್ಲಿ ಯಾರೂ ಓದಿರದ ಕಥೆ ನನಗೆ ಬೇಕಿತ್ತು. ನಿನ್ನನ್ನು ಕೇಳದೆ ನಿನ್ನ ಟ್ರಂಕು ತೆಗೆದೆ, ಕ್ಷಮಿಸು. ಪಿಯುಸಿಯಲ್ಲಿ ನೀನು ಬರೆದ ‘ಗೇಟು’ ಕಥೆಯನ್ನು ಬಿಳಿ ಹಾಳೆಗೆ ನಕಲು ಮಾಡಿ, ನಿನ್ನ ಹೆಸರು ಬಿಟ್ಟು, ಶಹಬಾಜನ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಗೆ ಕೊಟ್ಟೆ. ಟೈಪಿನ ತುಂಬ ತಪ್ಪು. ‘ಕಾವಲುಗಾರ’ ಎಂಬುದು ಮೂರು ಕಡೆ ಮೂರು ಥರ ಇತ್ತು.

ನಿನಗೆ ನೆನಪಿದೆಯೋ ಇಲ್ಲವೋ: ಹತ್ತಿ ಮಿಲ್ಲಿನ ಗೇಟಿನಲ್ಲಿ ಒಬ್ಬ ಕಾವಲುಗಾರ. ಸಂಜೆ ಮನೆಗೆ ಹೋಗುವ ಕೂಲಿಯವರ ಚೀಲ ತಡವಿ ನೋಡುವುದು ಅವನ ಕೆಲಸ. ಆ ರೂಢಿಯಿಂದ ಮನೆಯಲ್ಲಿ ಮಗಳ ಸ್ಕೂಲ್ ಚೀಲವನ್ನೂ ದಿನಾ ತಡವುತ್ತಾನೆ. ಕಡೆಗೊಂದು ದಿನ ಮಗಳು ಹೊಸ್ತಿಲ ಹೊರಗೇ ಚೀಲ ಬಿಚ್ಚಿಟ್ಟು ಬರಿಗೈಯಲ್ಲಿ ಒಳಗೆ ಬರುತ್ತಾಳೆ. ನಾನು ತಯಾರಿಸಿಟ್ಟ ಮಾದರಿ ಉತ್ತರದಲ್ಲಿ ‘ಇದು ಕರ್ತವ್ಯನಿಷ್ಠೆಯ ಕಥೆ’ ಎಂದು ಬರೆದಿದ್ದೆ. ಆರು ಜನ ಹೆಚ್ಚುಕಡಿಮೆ ಅದನ್ನೇ ಬರೆದರು.

ಏಳನೆಯವಳು ಮೌನೇಶ್ವರಿ. ಸುರಪುರದ ಆಚೆ, ಕೃಷ್ಣಾ ದಂಡೆಯ ಊರಿನವಳು. ತಂದೆ ಮೀನು ಹಿಡಿಯುತ್ತಾನೆ. ಇಲ್ಲಿ ಹಾಸ್ಟೆಲಿನಲ್ಲಿ ಇದ್ದಾಳೆ. ಕ್ಲಾಸಿನಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ. ನಿನ್ನೆ ಹದಿನೈದನೆಯ ನಿಮಿಷಕ್ಕೆ ಎಲ್ಲರೂ ಬರೆಯುತ್ತಿದ್ದರೆ ಇವಳು ಕೈ ಕಟ್ಟಿ ಹಾಳೆ ನೋಡುತ್ತ ಕುಳಿತಿದ್ದಳು. ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ಆಮೇಲೆ ಪೆನ್ನಿನ ಕ್ಯಾಪು ತೆಗೆದು ಒಂದೂ ಸಾಲು ಹೊಡೆದುಹಾಕದೆ ಮೂರು ಪುಟ ಬರೆದಿಟ್ಟು ಎದ್ದಳು. ಅದರಲ್ಲಿದ್ದದ್ದನ್ನು ಹಾಗೆಯೇ ಇಳಿಸುತ್ತೇನೆ, ಓದು:

‘ಈ ಕಥೆಯಲ್ಲಿ ಚೀಲದ ಬಣ್ಣ ಇದೆ, ಗುಂಡಿ ಇದೆ, ಹರಿದ ಹೊಲಿಗೆ ಇದೆ. ಮಗಳ ಮುಖ ಎಲ್ಲಿಯೂ ಇಲ್ಲ. ಏಕೆಂದರೆ ನಾವು ನೋಡುತ್ತಿರುವುದು ಅಪ್ಪನ ಕಣ್ಣಿನಿಂದ, ಮತ್ತು ಅಪ್ಪ ಚೀಲವನ್ನು ಮಾತ್ರ ನೋಡುತ್ತಾನೆ. ಆದರೆ ಇದನ್ನು ಬರೆದವರು ಅಪ್ಪ ಅಲ್ಲ, ಒಬ್ಬ ಮಗಳು. ಬರೆದಾಗ ಆಕೆಗೆ ಹದಿನೇಳೋ ಹದಿನೆಂಟೋ ಇದ್ದಿರಬೇಕು.’

ಪರಿಮಳಾ, ನಾನು ಎದ್ದು ಹೋಗಿ ಕಥೆಯನ್ನು ಮೊದಲಿನಿಂದ ತಿರುವಿ ನೋಡಿದೆ. ಮುಖ ಇಲ್ಲ. ಖರೇನೇ ಇಲ್ಲ. ಹತ್ತು ಸಲ ಓದಿದ ನನಗೆ ಕಾಣದ್ದು ಈ ಹುಡುಗಿಗೆ ಒಂದೇ ಓದಿಗೆ ಹೇಗೆ ಕಂಡಿತು? ಬರೆದವರ ವಯಸ್ಸು ಹೇಗೆ ಗೊತ್ತಾಯಿತು? ಯಾರೋ ಹೇಳಿದ್ದನ್ನು ಬಾಯಿಪಾಠ ಮಾಡಿ ಬಂದು, ಇಪ್ಪತ್ತೈದು ನಿಮಿಷ ನೆನಪು ಮಾಡಿಕೊಂಡು ಇಳಿಸಿದಂತಿದೆ. ಕಥೆ ಗೊತ್ತಿರುವುದು ಲೋಕದಲ್ಲಿ ನಿನಗೆ ಮತ್ತು ನನಗೆ. ನಾನಂತೂ ಹೇಳಿಲ್ಲ. ನೇರವಾಗಿ ಕೇಳುತ್ತೇನೆ, ಸಿಟ್ಟಾಗಬೇಡ: ಈ ಹುಡುಗಿ ನಿನಗೆ ಪರಿಚಯವೇ? ಫೇಸ್‌ಬುಕ್ಕು, ಮತ್ತೊಂದು, ಅದರಲ್ಲಿ ಏನಾದರೂ ಮಾತುಕತೆ ಇದೆಯೇ? ಇದ್ದರೆ ಇದೆ ಅನ್ನು.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅಪ್ಪ,
ಮರಿಲಿಂಗಪ್ಪ

*

ಶಹಾಪುರ
೧೭ ಜೂನ್ ೨೦೨೫, ಮಂಗಳವಾರ

ಪ್ರೀತಿಯ ಪರಿಮಳಾ,

ನಿನ್ನ ಒಂದು ಸಾಲಿನ ಉತ್ತರ ಮೊಬೈಲಿಗೆ ಬಂತು: ‘ಆಕಿ ಯಾರೋ ನಂಗೊತ್ತಿಲ್ಲ ಅಪ್ಪ. ಯಾವ ಕಥಿ?’ ಮೊದಲಿನ ಮಾತು ನಂಬಿದೆ. ಎರಡನೆಯದನ್ನು ನಂಬುವುದು ಕಷ್ಟ. ತಾನು ಬರೆದದ್ದನ್ನು ಯಾರಾದರೂ ಮರೆಯುತ್ತಾರೆಯೇ? ಮರೆತಿದ್ದರೆ ಅದೂ ಒಂದು ಸಂಕಟವೇ. ಇರಲಿ.

ನಿಮ್ಮವ್ವನಿಗೆ ಮೊಣಕಾಲು ನೋವು ಸ್ವಲ್ಪ ಕಡಿಮೆ. ಸಗರದಿಂದ ನಿನ್ನ ಮಾವ ಹೊಸ ಹೆಸರುಬೇಳೆ ತಂದುಕೊಟ್ಟಿದ್ದಾನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ನನ್ನ ಸಂಶಯ ನಿಜವಾಯಿತು ಎಂದೇ ಬರೆಯಬೇಕಾಗಿದೆ. ಶನಿವಾರ ಸಂಜೆ ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದವನು ಶಹಬಾಜನ ಅಂಗಡಿಯೊಳಗೆ ಆ ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತಿದ್ದನ್ನು ಕಣ್ಣಾರೆ ಕಂಡೆ. ಆಚೆ ಚಹಾದ ಅಂಗಡಿಯಲ್ಲಿ ಅರ್ಧ ತಾಸು ಕಾದೆ. ಆಕೆ ಎದ್ದು ಹೋದ ಮೇಲೆ ಒಳಗೆ ಹೋಗಿ ಸಹಜವಾಗಿ ಕೇಳಿದಂತೆ ಕೇಳಿದೆ, ‘ಯಾರಪ್ಪ ಆ ಹುಡುಗಿ?’

‘ಮೌನೇಶ್ವರಿ ಅಂತ್ರೀ ಸರ. ದಿನಾ ಸಂಜಿಗಿ ಬರ್ತಾಳ. ಕನ್ನಡ ಟೈಪಿಂಗ್ ಪೂರಾ ಆಕೀದ. ನನಗ ಒತ್ತಕ್ಷರ ಸಿಗಂಗಿಲ್ರಿ,’ ಅಂದ ಶಹಬಾಜ.

ಇನ್ನೇನು ಬೇಕು ಹೇಳು? ಅದರ ಹಿಂದಿನ ವಾರದ ಶುಕ್ರವಾರ ನಾನು ಟೈಪಿಗೆ ಕೊಟ್ಟ ಕಥೆ ಆಕೆಯ ಕೈಗೆ ಹೋಗಿದೆ. ಎರಡು ದಿನ ಇಟ್ಟುಕೊಂಡು, ಓದಿ, ಫೋನಿಗೆ ಕೇಳಿ, ಅದು ಕೊಟ್ಟದ್ದನ್ನು ಬಾಯಿಪಾಠ ಮಾಡಿ ಬಂದಿದ್ದಾಳೆ. ಶಹಬಾಜನಿಗೆ ನಾನು ಹೆಚ್ಚು ಕೇಳಲಿಲ್ಲ. ಕೇಳಿದರೆ ಆಕೆಗೆ ಸುದ್ದಿ ಮುಟ್ಟಿಸಿಯಾನು ಎಂದು ಸುಮ್ಮನೆ ಬಂದೆ. ಮನೆಗೆ ಬಂದು ಮರುದಿನದ ಕಥೆಯನ್ನು ಯಾವ ಅಂಗಡಿಗೂ ಕೊಡದೆ ನಾನೇ ಏಳು ಸಲ ಕೈಯಲ್ಲಿ ಬರೆದೆ. ಹಳೆಯ ಮಾಸಪತ್ರಿಕೆಯೊಂದರ ಕಥೆ, ಹೆಸರು ತೆಗೆದದ್ದು. ಬೆರಳು ಇನ್ನೂ ನೋಯುತ್ತಿದೆ.

ಭಾನುವಾರ ಹಾಳೆ ಹಂಚಿದೆ. ಹದಿನೈದು ನಿಮಿಷಕ್ಕೆ ಆರು ಪೆನ್ನು ಓಡಿದವು. ಏಳನೆಯದು ಕ್ಯಾಪು ಹಾಕಿಕೊಂಡೇ ಇತ್ತು. ನಾನು ಗಡಿಯಾರ ನೋಡುತ್ತ, ಆಕೆಯನ್ನು ನೋಡುತ್ತ ಕುಳಿತೆ. ನಿಜ ಹೇಳುತ್ತೇನೆ, ನನಗೆ ಆಗ ಒಳಗೊಳಗೇ ಖುಷಿ ಆಗುತ್ತಿತ್ತು. ಇಪ್ಪತ್ತೆರಡನೆಯ ನಿಮಿಷಕ್ಕೆ ಎದ್ದು ಆಕೆಯ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಅಂದೆ: ‘ಯಾಕವ್ವ, ಇವತ್ತಿನ ಕಥಿ ಶಹಬಾಜನ ಅಂಗಡ್ಯಾಗ ಟೈಪ್ ಆಗಿಲ್ಲ, ಅದಕ್ಕ ಪೆನ್ನ ಏಳವಲ್ದೇನು?’

ಆಕೆ ತಲೆ ಎತ್ತಿದಳು. ‘ಏನ್ರಿ ಸರ?’

‘ಆ ಅಂಗಡ್ಯಾಗ ನೀ ಕೆಲಸ ಮಾಡ್ತಿ ಹೌದಿಲ್ಲೋ?’

‘ಹೌದ್ರಿ.’

‘ಹೋದ ವಾರದ ಕಥಿ ಅಲ್ಲಿ ಬಂದಿತ್ತು ಹೌದಿಲ್ಲೋ?’

‘ಬಂದಿತ್ರಿ.’

ನಾನು ಉಳಿದವರ ಕಡೆ ತಿರುಗಿ ‘ಕೇಳಿದ್ರಲ್ಲಪ್ಪ’ ಅಂದೆ. ನಿಂಗರಾಜ ಹಿಂದಿನಿಂದ ‘ನಾ ಮೊದ್ಲೇ ಅಂದಿದ್ದೆ ನೋಡ್ರಿ ಸರ’ ಎಂದು ದನಿಗೂಡಿಸಿದ. ಆಕೆ ಹಾಳೆಯನ್ನು ಬೆಂಚಿನ ಮೇಲೆ ನೆಟ್ಟಗೆ ಇಟ್ಟು, ಡಬ್ಬಿಯಿಂದ ತನ್ನ ಫೋನು ತೆಗೆದುಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೋದಳು. ಅಲಾರಾಂ ಹೊಡೆಯಲು ಇನ್ನೂ ಅರ್ಧ ಗಂಟೆಯ ಮೇಲೆ ಬಾಕಿ ಇತ್ತು. ಉಳಿದವರು ಬರೆದರು, ನಾನು ಬರೆಸಿದೆ.

ಮನೆಗೆ ಬಂದು ನಿಮ್ಮವ್ವನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಪರೀಕ್ಷಿ ಹದಿನೈದು ದಿನ ಇಲ್ಲ. ಆ ಹುಡುಗಿ ಅಲ್ಲಿಗೂ ಹೋಗಲಿಲ್ಲಂದ್ರ ಏನ್ ಮಾಡ್ತೀರಿ? ಹಾಲಿನವನು ಕಳ್ಳ, ಮೀನಿನಾಕಿ ಕಳ್ಳಿ, ಈಗ ಓದೋ ಹುಡುಗಿ ಕಳ್ಳಿ. ಇಡೀ ಶಹಾಪುರದಾಗ ನೀವೊಬ್ರೇ ಸಾಚಾ ಮನುಷ್ಯಾರು ನೋಡ್ರಿ,’ ಅಂದಳು. ಕದ್ದವಳನ್ನು ಕದ್ದಳು ಎಂದರೆ ತಪ್ಪೇನು ಎಂದು ನಾನೂ ದನಿ ಏರಿಸಿದೆ. ಆ ಹೊತ್ತು ಇಬ್ಬರೂ ಬೇರೆ ಬೇರೆ ಉಂಡೆವು.

ಆದರೆ ಪರಿಮಳಾ, ಒಂದು ವಿಷಯ ನುಂಗಲಾರದ ತುತ್ತಾಗಿದೆ. ಆಕೆ ಬಿಟ್ಟುಹೋದ ಹಾಳೆಯನ್ನು ಸಂಜೆ ನೋಡಿದೆ. ಬರೆದಿರಲಿಲ್ಲ, ನಿಜ. ಆದರೆ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಹೀಗಿತ್ತು: ‘ಅತ್ತೆ ಸೊಸೆಗೆ ಊಟ ಆಯಿತಾ ಅಂತ ನಾಲ್ಕು ಸಲ ಕೇಳುತ್ತಾಳೆ. ಮಗ ಪತ್ರ ಬರೆದನಾ ಅಂತ ಒಂದು ಸಲವೂ ಕೇಳುವುದಿಲ್ಲ. ಆಕೆಗೆ ಗೊತ್ತಿದೆ.’ ಕಥೆ ಪೂರ್ತಿ ಇರುವುದು ಅಷ್ಟರಲ್ಲೇ. ಈ ಕಥೆಯನ್ನು ಯಾವ ಅಂಗಡಿಯವನೂ ನೋಡಿರಲಿಲ್ಲ. ಫೋನು ಡಬ್ಬಿಯಲ್ಲಿತ್ತು. ಹಾಗಾದರೆ ಇದನ್ನು ಯಾರು ಹೇಳಿಕೊಟ್ಟರು? ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಏನೋ ಒಂದು ಮೋಸ ಇದ್ದೇ ಇರುತ್ತದೆ, ನನಗೆ ಹೊಳೆಯುತ್ತಿಲ್ಲ ಅಷ್ಟೇ.

ನಿನಗೆ ಏನನ್ನಿಸುತ್ತದೆ ಬರೆ. ಬಿಡುವಿಲ್ಲದಿದ್ದರೆ ಫೋನಾದರೂ ಮಾಡು.

ನಿನ್ನ ಅಪ್ಪ,
ಮರಿಲಿಂಗಪ್ಪ

*

ಶಹಾಪುರ
೩೦ ಜೂನ್ ೨೦೨೫, ಸೋಮವಾರ

ನನ್ನ ಪರಿಮಳಾ,

ಹದಿಮೂರು ದಿನ ತಡವಾಯಿತು. ಎರಡು ಸಲ ಬರೆಯಲು ಕುಳಿತು ಎರಡು ಸಲವೂ ಹರಿದೆ. ನೀನು ಫೋನಿನಲ್ಲಿ ‘ಏನಾಯ್ತಪ್ಪ ಆ ಹುಡುಗಿದು?’ ಎಂದು ಕೇಳಿದಾಗ ನಾನು ಮಳೆಯ ಸುದ್ದಿ ಹೇಳಿದೆ. ಈಗ ಹೇಳುತ್ತೇನೆ.

ಕಳೆದ ಪತ್ರ ಬರೆದ ಮರುದಿನ ಶಹಬಾಜನ ಜೊತೆ ಜಗಳಾಡಲು ಹೋದೆ. ನನ್ನ ಪ್ರಶ್ನೆಪತ್ರಿಕೆಯನ್ನು ಆ ಹುಡುಗಿಯ ಕೈಗೆ ಯಾಕೆ ಕೊಟ್ಟೆ ಎಂದು ಕೇಳಿದೆ. ಆತ ನನ್ನ ಮುಖವನ್ನೇ ನೋಡಿದ.

‘ಕೊಟ್ಟಿದ್ದೆ ಖರೇ ಸರ. ಆಕಿ ಎರಡು ಸಾಲು ನೋಡ್ದಾಕಿ ನಿಮ್ಮ ಅಕ್ಷರ ಅಂತ ಗುರುತ ಹಿಡದು, ಇದು ನಮಗ ಸರ ಇಡೋ ಪರೀಕ್ಷಿ ಇರಬೇಕು, ನಾ ಮುಟ್ಟಂಗಿಲ್ಲ ಅಂತ ಹಾಳಿ ಬೋರಲ ಮಾಡಿ ವಾಪಸ್ ಕೊಟ್ಟಳ್ರಿ. ನಾನ ಕುಂತು ಟೈಪ್ ಮಾಡಿದೆ. ಅದಕ್ಕ ಅಷ್ಟು ತಪ್ಪಾದುವು. ನೀವು ಬೈತೀರಿ ಅಂತ ಹೇಳಲಿಲ್ಲ. ಆಕಿ ಭಾನುವಾರದಿಂದ ಅಂಗಡಿಗೂ ಬಂದಿಲ್ರಿ, ಊರಿಗಿ ಹೋಗ್ಯಾಳಂತ.’

ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟವನು ನಾನು.

ನಿನಗೆ ಎಂದೂ ಹೇಳದ ಒಂದು ಮಾತಿದೆ. ನಾನು ಯಾದಗಿರಿಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ ಸುಗ್ಗಿಯ ಬಗ್ಗೆ ಪ್ರಬಂಧ ಬರೆದಿದ್ದೆ. ಮಾಸ್ತರರು ಅದನ್ನು ಎತ್ತಿ ಹಿಡಿದು ಇಡೀ ತರಗತಿಯ ಮುಂದೆ ‘ಇದನ್ನ ಯಾರ ಬರಕೊಟ್ರಲೇ?’ ಎಂದು ಕೇಳಿದರು. ನಾನೇ ಬರೆದದ್ದೆಂದೆ. ‘ರಾಮಸಮುದ್ರದ ಕೂಲಿ ಮಾಡೋರ ಮನ್ಯಾಗ ಇಂಥಾ ಕನ್ನಡ ಎಲ್ಲಿಂದ ಬರಬೇಕು?’ ಅಂದರು. ಮಕ್ಕಳೆಲ್ಲ ನಕ್ಕರು. ಆಮೇಲೆ ನಾನು ಎಷ್ಟು ಓದಿದರೂ, ಮಾಸ್ತರನಾದರೂ, ಯಾರಾದರೂ ನನ್ನ ಬರಹ ಕೈಗೆತ್ತಿಕೊಂಡರೆ ನನ್ನ ಬೆನ್ನು ಬೆವರುತ್ತಿತ್ತು. ಅದೇ ನಾನು ಅದೇ ಪ್ರಶ್ನೆಯನ್ನು ಅದೇ ಥರ ಎಲ್ಲರ ಮುಂದೆ ಕೇಳಿ ಬಂದಿದ್ದೆ. ನಾಚಿಕೆಯಾಯಿತು ಮಗಳೇ, ತುಂಬ ನಾಚಿಕೆಯಾಯಿತು.

ಗುರುವಾರ ಬೆಳಿಗ್ಗೆ ಸುರಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಅವರ ಊರು ಮುಟ್ಟಿದೆ. ಮನೆ ನದಿಯ ದಂಡೆಗೇ ಇದೆ. ಮೌನೇಶ್ವರಿ ಮತ್ತು ಅವಳ ಅಣ್ಣ ತಿರುಪತಿ ಬೇವಿನ ಗಿಡದ ನೆರಳಲ್ಲಿ ಹರಿದ ಬಲೆ ಹೆಣೆಯುತ್ತಿದ್ದರು. ನನ್ನನ್ನು ನೋಡಿ ಆಕೆ ಎದ್ದು ನಿಂತಳು, ಆದರೆ ನಮಸ್ಕಾರ ಮಾಡಲಿಲ್ಲ. ತಾಯಿ ಶೇಖಮ್ಮ ನೀರು ತಂದುಕೊಟ್ಟಳು. ನಾನು ನೀರು ಕುಡಿಯುತ್ತ ಕುಳಿತಿದ್ದಾಗ ತಂದೆ ದೋಣಿ ಕಟ್ಟಿ, ಮೀನಿನ ಪುಟ್ಟಿ ಹೊತ್ತು ದಂಡೆ ಹತ್ತಿ ಬಂದ. ಉಪಚಾರಕ್ಕೆಂದು ನಾನು ಕೇಳಿದೆ, ‘ಇವತ್ತು ಎಷ್ಟು ಸಿಕ್ಕವಪ್ಪ?’

ಆತ ಉತ್ತರ ಕೊಡದೆ ಪುಟ್ಟಿ ಇಳಿಸಿ ಕೈಕಾಲು ತೊಳೆಯಲು ಹೋದ. ಶೇಖಮ್ಮ ನಿಧಾನಕ್ಕೆ ಹೇಳಿದಳು, ‘ಸರ, ನಮ್ಮನ್ಯಾಗ ಬಲಿ ಹಾಕಿ ಬಂದವರಿಗಿ ಏಟು ಸಿಕ್ತು ಅಂತ ಕೇಳಂಗಿಲ್ರಿ. ಕೇಳಿದ್ರ ನಾಳಿನ ಬಲಿ ಖಾಲಿ ಬರ್ತದ.’

‘ತಪ್ಪಾಯ್ತವ್ವ. ಮತ್ತ ನಿಮಗ ಗೊತ್ತಾಗೋದು ಹ್ಯಾಂಗ?’

‘ನೋಡಿದ್ರ ಗೊತ್ತಾಗಂಗಿಲ್ಲೇನ್ರಿ? ದಂಡಿ ಏರುವಾಗ ಹೆಗಲ ನೋಡ್ತೀವಿ, ಮಾರಿ ನೋಡ್ತೀವಿ. ಮೊದಲ ಬೀಡಿ ಹಚ್ತಾನೋ, ನೀರ ಕೇಳ್ತಾನೋ ನೋಡ್ತೀವಿ. ಈಕಿ ಐದು ವರ್ಷದಾಕಿ ಇದ್ದಾಗಿಂದ ನನಗಿಂತ ಮೊದಲ ಹೇಳ್ತಾಳ. ಬಾಯಿ ಬಿಟ್ಟು ಕೇಳೋರಿಗಿ ಏನ ತಿಳಿತದ್ರಿ?’

ಮೌನೇಶ್ವರಿ ತಲೆ ತಗ್ಗಿಸಿ ಬಲೆಯ ಗಂಟು ಬಿಗಿಯುತ್ತಿದ್ದಳು. ನಾನು ಕೇಳಿದೆ, ಈ ಸಲ ಸಂಶಯದಿಂದಲ್ಲ: ‘ಆ ಇಪ್ಪತ್ತೈದು ನಿಮಿಷ ಏನ್ ಮಾಡ್ತಿಯವ್ವ?’

‘ಕಥಿಯೊಳಗ ಯಾರು ಯಾರಿಗಿ ಏನು ಕೇಳವಲ್ರು, ಅದನ್ನ ಹುಡುಕ್ತೀನ್ರಿ. ಅದು ಸಿಗೋತನಕ ಪೆನ್ನ ತಗದ್ರ ಬರೇ ಕಥಿನ ಮತ್ತ ಹೇಳಿದಂಗ ಆಗ್ತದ. ಅದು ಬ್ಯಾಡ ಅಂತ ನೀವೇ ಹೇಳೀರಿ.’

‘ಬರದಾಕಿ ಹುಡುಗಿ ಅಂತ ಹ್ಯಾಂಗ ತಿಳೀತು?’

‘ಬುಧವಾರ ಚೀಲ ಭಾರ ಇರ್ತಿತ್ತು ಅಂತ ಒಂದು ಸಾಲು ಅದ ನೋಡ್ರಿ. ದಿನಾ ತಡವಿದ್ರೂ ಅಪ್ಪಗ ಅದು ತಿಳೀದು. ಹೊತ್ತಾಕಿಗಿ ತಿಳಿತದ.’

ಪರಿಮಳಾ, ನಿನ್ನ ಚೀಲ ಬುಧವಾರ ಭಾರ ಇರುತ್ತಿತ್ತೇ? ನನಗೆ ಗೊತ್ತಿರಲಿಲ್ಲ.

ನಾನು ಅವಳಿಗೆ ಅಲ್ಲಿಯೇ ‘ತಪ್ಪಾಯ್ತು ಮೌನೇಶ್ವರಿ’ ಅಂದೆ. ಆಕೆ ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು. ‘ಅಂದದ್ದು ಮಂದಿ ಮುಂದ ಅಂದ್ರಿ ಸರ. ಈಗ ಹೊಳಿ ಮುಂದ ತಪ್ಪಾಯ್ತು ಅಂದ್ರ ಹ್ಯಾಂಗ?’ ಶೇಖಮ್ಮ ‘ಏ ಹುಡುಗಿ’ ಎಂದು ಗದರಿದಳು. ಗದರಬೇಡ, ಆಕೆ ಹೇಳಿದ್ದು ಸರಿ ಎಂದು ನಾನೇ ತಡೆದೆ.

‘ಪರೀಕ್ಷಿಗಾದ್ರೂ ಬಾರವ್ವ. ನನ್ನ ಸಲುವಾಗಿ ನಿನ್ನ ಸೀಟು ಹೋಗಬಾರ್ದು,’ ಅಂದೆ.

‘ನೋಡ್ತೀನ್ರಿ. ನಿಮ್ಮ ಕ್ಲಾಸಿಗಂತೂ ಬರಂಗಿಲ್ಲ.’

ಹೊರಟು ನಿಂತಾಗ ರಸ್ತೆಯ ತನಕ ಕಳಿಸಲು ಬಂದಳು. ಆಗ ಕೇಳಿದಳು, ‘ಆ ಕಥಿ ಬರದಾಕಿ ನಿಮ್ಮ ಮಗಳ ಹೌದಿಲ್ರಿ?’ ನಾನು ಬೆಚ್ಚಿದೆ. ‘ಉಳಿದ ಕಥಿ ಎಲ್ಲಾ ನೀವು ಮೊದಲ ಒಂದು ಪ್ಯಾರಾ ಓದಿ ಹಾಳಿ ಕೊಡ್ತೀರಿ. ಅದೊಂದು ಓದಲಿಲ್ಲ. ಹಂಚಿ ಕಿಡಕಿ ಕಡಿ ಮಾರಿ ಮಾಡಿ ನಿಂತ್ರಿ,’ ಅಂದಳು. ಮತ್ತೆ, ‘ಈಗೂ ಬರೀತಾರೇನ್ರಿ ಅವರು?’

‘ಇಲ್ಲ.’

‘ಯಾಕ ಬಿಟ್ರು?’

‘ಗೊತ್ತಿಲ್ಲವ್ವ,’ ಅಂದೆ. ಆಕೆ ನನ್ನ ಮುಖ ನೋಡಿದಳು. ಮುಂದೆ ಕೇಳಲಿಲ್ಲ.

ಇಪ್ಪತ್ತೆರಡರ ಭಾನುವಾರ ಆರು ಜನರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಮೌನೇಶ್ವರಿ ಕದ್ದಿಲ್ಲ, ನನ್ನ ಅಕ್ಷರ ಗುರುತು ಹಿಡಿದವಳೇ ಕಥೆಯನ್ನು ಓದದೆ ವಾಪಸ್ಸು ಕೊಟ್ಟಿದ್ದಾಳೆ, ನಾನು ವಿಚಾರಿಸದೆ ಅಪವಾದ ಹೊರಿಸಿದೆ, ತಪ್ಪು ನನ್ನದು ಎಂದೆ. ನಿಂಗರಾಜ ನೆಲ ನೋಡುತ್ತ ಕುಳಿತಿದ್ದ. ಆಕೆಯ ಜಾಗ ಖಾಲಿಯೇ ಇತ್ತು. ಸುದ್ದಿ ಆಕೆಗೆ ಮುಟ್ಟಿತೋ ಇಲ್ಲವೋ ತಿಳಿಯಲು ದಾರಿ ಇರಲಿಲ್ಲ. ಒಂದು ವಾರ ನನಗೆ ಅನ್ನ ಸೇರಲಿಲ್ಲ. ನಿಮ್ಮವ್ವ ಬಯ್ಯುವುದನ್ನೂ ಬಿಟ್ಟಳು. ಅವಳು ಬಯ್ಯದಿದ್ದರೆ ನನಗೆ ಇನ್ನೂ ಹೆದರಿಕೆ.

ನಿನ್ನೆ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗಿ ಪರೀಕ್ಷಾ ಕೇಂದ್ರದ ಹೊರಗೆ ನಿಂತೆ. ನನ್ನ ಆರು ಜನ ಬಂದು ಕಾಲು ಮುಟ್ಟಿ ಒಳಗೆ ಹೋದರು. ಬಾಗಿಲು ಹಾಕಲು ಹತ್ತು ನಿಮಿಷ ಇದ್ದಾಗ ಶೇಖಮ್ಮ ಮುಂದೆ, ಮೌನೇಶ್ವರಿ ಹಿಂದೆ, ಓಡುತ್ತ ಬಂದರು. ಸುರಪುರದ ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ. ಮೌನೇಶ್ವರಿ ನನ್ನನ್ನು ಕಂಡಳು, ನಿಲ್ಲಲಿಲ್ಲ. ನಾನೂ ಶೇಖಮ್ಮನೂ ಗೋಡೆಯ ನೆರಳಲ್ಲಿ ಕುಳಿತೆವು. ಆಕೆ ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಟ್ಟಳು. ಗಂಟೆ ಮುಗಿದು ಮೌನೇಶ್ವರಿ ಹೊರಗೆ ಬಂದಾಗ ‘ಹೇಗೆ ಬರೆದಿ’ ಎಂದು ನಾನು ಕೇಳಲಿಲ್ಲ, ಅಷ್ಟು ಬುದ್ಧಿ ಬಂದಿದೆ. ಆಕೆಯೇ ಹತ್ತಿರ ಬಂದು, ‘ಸರ, ಐವತ್ತೆರಡಕ್ಕ ಮುಗೀತ್ರಿ. ನಿಂಗರಾಜ ಫೋನ್ ಮಾಡಿ ಎಲ್ಲಾ ಹೇಳಿದ,’ ಅಂದಳು. ಫಲಿತಾಂಶ ಆಗಸ್ಟಿನಲ್ಲಿ. ಸೀಟು ಸಿಕ್ಕರೆ ಅದು ಆಕೆಯದು, ಅದರಲ್ಲಿ ನನ್ನ ಪಾಲು ಅಡ್ಡಿ ಮಾಡಿದ್ದು ಮಾತ್ರ.

ನೀನು ಸುಖವಾಗಿರು ಮಗಳೇ. ನಿನ್ನ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ, ನಿನ್ನ ಮಾತನ್ನು ಮೊದಲು ನಂಬುವವರು ನಿನ್ನ ಸುತ್ತ ಇರಲಿ. ನಿಮ್ಮವ್ವ ದೀಪಾವಳಿಗೆ ಕಾಯುತ್ತೇನೆ ಎಂದು ಬರೆಯಲು ಹೇಳಿದ್ದಾಳೆ.

ನಿನ್ನ ಅಪ್ಪ,
ಮರಿಲಿಂಗಪ್ಪ

ತಾ.ಕ.: ಯಾಕೆ ಬರೆಯುವುದು ಬಿಟ್ಟರು ಎಂದು ಆಕೆ ಕೇಳಿದಾಗ ಗೊತ್ತಿಲ್ಲ ಎಂದೆನಲ್ಲ, ಅದು ಸುಳ್ಳು. ನೀನು ದ್ವಿತೀಯ ಪಿಯುಸಿಯಲ್ಲಿದ್ದಾಗ ‘ಗೇಟು’ ಕಥೆಯನ್ನು ಜಿಲ್ಲೆಯ ಸ್ಪರ್ಧೆಗೆ ಕಳಿಸಿದ್ದಿ. ಬಹುಮಾನ ಬರಲಿಲ್ಲ ಎಂದು ನಾನು ನಿನಗೆ ಹೇಳಿದೆ. ಬಂದಿತ್ತು ಪರಿಮಳಾ, ಮೊದಲನೆಯದೇ ಬಂದಿತ್ತು. ಪತ್ರ ನನ್ನ ಶಾಲೆಯ ವಿಳಾಸಕ್ಕೆ ಬಂತು. ಕಥೆ ಮಗಳ ಸ್ವಂತದ್ದೆಂದು ಪೋಷಕರು ಸಹಿ ಮಾಡಿ ಕಳಿಸಬೇಕು ಎಂದು ಅದರಲ್ಲಿತ್ತು. ಒಂದು ವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನೀನು ಯಾವ ಪುಸ್ತಕದಿಂದ ಎತ್ತಿದ್ದೀ ಎಂದು ಗ್ರಂಥಾಲಯದಲ್ಲಿ ಹುಡುಕಿದೆ. ಎಲ್ಲಿಯೂ ಸಿಗಲಿಲ್ಲ. ಆದರೂ ಸಹಿ ಮಾಡಲಿಲ್ಲ, ಬಹುಮಾನ ಎರಡನೆಯವರಿಗೆ ಹೋಯಿತು. ನೀನು ‘ಹೋಗ್ಲಿ ಬಿಡಪ್ಪ, ನನಗ ಬರಿಯಾಕ ಬರಂಗಿಲ್ಲ ಅನಸ್ತದ’ ಅಂದಿ. ನಾನು ಸೈನ್ಸಿನ ಕಡೆ ಲಕ್ಷ್ಯ ಕೊಡು ಅಂದೆ. ನಿಮ್ಮವ್ವನಿಗೂ ಇದು ಗೊತ್ತಿಲ್ಲ. ಜನ ಏನಂದಾರೋ ಎಂಬ ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡೆ. ಜನರಲ್ಲ, ನಾನೇ. ನನ್ನ ಮಗಳು ಅಷ್ಟು ಚೆನ್ನಾಗಿ ಬರೆದಾಳು ಎಂದು ನಾನೇ ನಂಬಲಿಲ್ಲ. ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಅದಕ್ಕೆ ಸಹಿ ಮಾಡಿದೆ.